ರಜೆಯ ದಿನಗಳಿಗೊಂದು ಚಿತ್ರದ ಪುಸ್ತಕ

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ಚಿತ್ರಗಾರ ರಾಬರ್ಟ್ ಹೋಮನು ಬೆಂಗಳೂರಿನ ಕೋಟೆಯನ್ನು ಕಂಡಂತೆ ಬರೆದಿಟ್ಟನು. ಕೋಟೆಯ ಬಹುಭಾಗವು ಅಳಿದುಹೋಯಿತು, ಚಿತ್ರಗಳು ಉಳಿದಿವೆ. 1892ರ ಚಾಮರಾಜಪೇಟೆ, 1898ರ ಪ್ಲೇಗಿನಿಂದ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳ ಹೆಂಚಿನ ಮನೆಗಳೂ ದಿನದಿನಕ್ಕೆ ಕಡಮೆಯಾಗುತ್ತಿವೆ.

ಆದುದರಿಂದ, ಇಂದು ತಾಯಂದಿರಾದ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ರಜೆಯಲ್ಲಿ ಮಗಳ ಕೈಗೆ ಗೆರೆಯಿಲ್ಲದ ಪುಸ್ತಕವನ್ನೂ ಪೆನ್ಸಿಲನ್ನೂ ಕೊಡಿರಿ. ಪ್ರಯಾಣದಲ್ಲಿ ಗುಡಿ, ಕೆರೆ, ತೇರು. ಮನೆಯಲ್ಲಿ ಅಜ್ಜಿಯ ಒರಳು, ಜಗುಲಿಯ ಕಂಬ. ತೋಳು ಚಾಚಿ ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲಿಗಿಂತ ಕಂಬವು ಎಷ್ಟು ಎತ್ತರವೆಂದು ಮೊದಲು ಅಳೆಯಲಿ, ಬಳಿಕ ಬರೆಯಲಿ. ತಪ್ಪಿದ ಗೆರೆಯನ್ನು ಅಳಿಸದೆ ಪಕ್ಕದಲ್ಲಿಯೇ ಸರಿಯಾದುದನ್ನು ಎಳೆಯಲಿ. ಸ್ಥಳ, ತೇದಿಗಳಿಲ್ಲದ ಚಿತ್ರವು ಸಾಕ್ಷಿಯಾಗದು. ಅಂದವಾಗಿ ಬಾರದಿದ್ದರೂ ನಗಬೇಡಿರಿ. ಮನೆಯನ್ನು ಕೆಡಹಿದ ಮೇಲೆ ಆ ಪುಟವೊಂದೇ ಅದನ್ನು ತೋರಿಸೀತು.