ಘಾಟಿಯ ಮೇಲೊಂದು ಶಿಕ್ಷೆ, ಕೆಳಗೊಂದು ಶಿಕ್ಷೆ?

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಹೊರಟ ಎರಡು ಪಿಕಪ್‌ಗಳನ್ನು ಊಹಿಸಿಕೊಳ್ಳಿ. ಆಷಾಢದ ಮಂಜು, ಎದುರು ಬರುವ ಗಾಡಿಯ ಲೈಟು ಬಿಟ್ಟರೆ ಏನೂ ಕಾಣದು. ಒಂದು ಪಿಕಪ್ ಮೇಲಿನ ತಿರುವಿನಲ್ಲೇ ಬೈಕಿಗೆ ಗುದ್ದಿತು. ಇನ್ನೊಂದು ಗುದ್ದಿದ್ದು ಜಿಲ್ಲೆಯ ಗಡಿ ದಾಟಿದ ಮೇಲೆ. ಎರಡರಲ್ಲೂ ಒಂದೊಂದು ಜೀವ ಹೋಯಿತು. ಮೊದಲ ಕೇಸು ಮೂಡಿಗೆರೆ ಕೋರ್ಟಿಗೆ, ಎರಡನೆಯದು ಬೆಳ್ತಂಗಡಿ ಕೋರ್ಟಿಗೆ. ಕಲಂ ಒಂದೇ ಆದರೂ ಒಬ್ಬ ಚಾಲಕನಿಗೆ ಆರು ತಿಂಗಳು, ಇನ್ನೊಬ್ಬನಿಗೆ ಎರಡು ವರ್ಷ ಜೈಲಾಗಬಹುದು.

ಯಾಕೆ ಹೀಗೆ?

ಕಾನೂನು ಹೇಳುವುದು ಹೆಚ್ಚೆಂದರೆ ಎಷ್ಟು ಎಂಬುದನ್ನು ಮಾತ್ರ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಲ್ಲಿ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಕನಿಷ್ಠ ಇಷ್ಟು ಎಂದಿಲ್ಲ. ಆ ಮಿತಿಯೊಳಗೆ ಅಳೆದು ಕೊಡುವವರು ನ್ಯಾಯಾಧೀಶರು. ಅಪಘಾತದ ಭೀಕರತೆ, ಕುಡಿದಿದ್ದನೇ, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದನೇ, ಹಿಂದಿನ ಕೇಸುಗಳಿವೆಯೇ ಎಂದೆಲ್ಲ ನೋಡುತ್ತಾರೆ. ಒಬ್ಬರ ತೂಕ ಇನ್ನೊಬ್ಬರದಕ್ಕೆ ಸರಿಹೊಂದಬೇಕೆಂದಿಲ್ಲ.

1987ರಲ್ಲಿ ಕರ್ನಾಟಕದ್ದೇ ಇಂಥ ಕೇಸೊಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಾವಿಗೆ ಕಾರಣನಾದ ಚಾಲಕನಿಗೆ ಮ್ಯಾಜಿಸ್ಟ್ರೇಟರು ವಿಧಿಸಿದ್ದು 250 ರೂಪಾಯಿ ದಂಡ. ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳ ಜೈಲಿಗೆ ಏರಿಸಿತು. ಇಂಥ ಏರುಪೇರು ತಪ್ಪಿಸಲು ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು ಕನ್ನಡಿಗರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಶಿಫಾರಸು ಮಾಡಿತು. ಹೊಸ ಸಂಹಿತೆ ಬಂದರೂ ಆ ಮಾರ್ಗಸೂಚಿ ಬರಲಿಲ್ಲ.

ದಂಡ ಕಟ್ಟಿದರೆ ಮುಗಿಯಿತೇ?

‘ತಪ್ಪೊಪ್ಪಿಕೊಂಡು ಫೈನ್ ಕಟ್ಟಿಬಿಡು’ ಎಂಬುದು ಕೋರ್ಟಿನ ಕಟ್ಟೆಯ ಮೇಲೆ ಸಿಗುವ ಪುಕ್ಕಟೆ ಸಲಹೆ. ಇದೇ ಅಪರಾಧಕ್ಕಿದ್ದ ಹಳೆಯ ಐಪಿಸಿ 304(ಎ)ಯಲ್ಲಿ ಬರೀ ದಂಡಕ್ಕೆ ಅವಕಾಶವಿತ್ತು. 1 ಜುಲೈ 2024ರಿಂದಾಚೆಯ ಅಪಘಾತಕ್ಕೆ ಹೊಸ ಕಲಂ ಅನ್ವಯ. ಅಲ್ಲಿ ಬರೀ ದಂಡದ ದಾರಿ ಇಲ್ಲ. ಚಾಲನೆಯ ನಿರ್ಲಕ್ಷ್ಯದಿಂದಾದ ಸಾವಿನ ಕೇಸುಗಳಲ್ಲಿ ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ, ಬಿಡುವುದನ್ನೂ ಸುಪ್ರೀಂ ಕೋರ್ಟು 2000ದಲ್ಲೇ ಒಪ್ಪಿಲ್ಲ. ತಪ್ಪೊಪ್ಪಿಕೊಂಡ ಮೇಲೆ ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಯ ಬಗ್ಗೆ ಮಾತ್ರ ಮೇಲ್ಮನವಿ ಹಾಕಬಹುದು. ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ನಿಮ್ಮ ಹಕ್ಕುಗಳು

• ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷಕ್ಕಿಂತ ಹೆಚ್ಚು ಜೈಲು ವಿಧಿಸುವಂತಿಲ್ಲ. ಹೆಚ್ಚು ಬೇಕೆನಿಸಿದರೆ ಕೇಸನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

• ಐದು ವರ್ಷದ ಶಿಕ್ಷೆ ಇರುವುದರಿಂದ ಇದು ಈಗ ವಾರಂಟ್ ಪ್ರಕರಣ. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಬಗ್ಗೆ ಆರೋಪಿಯ ಮಾತನ್ನು ಬೇರೆಯಾಗಿ ಕೇಳಬೇಕು. ‘ದಯೆ ತೋರಿಸಿ ಸ್ವಾಮಿ’ ಎಂದು ಕೈಮುಗಿದರೆ ಸಾಲದು. ಆಸ್ಪತ್ರೆಗೆ ಸಾಗಿಸಿದ ದಾಖಲೆ, ಮನೆಯವರ ಅವಲಂಬನೆ, ಕಾಯಿಲೆಯ ಚೀಟಿ ಎಲ್ಲವನ್ನೂ ಕೊಡಿ.

• ಜೈಲು ಶಿಕ್ಷೆಯಾದರೆ ತೀರ್ಪಿನ ನಕಲು ಉಚಿತ. ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳು ಶಿಕ್ಷೆಯಲ್ಲಿ ವಜಾ ಆಗುತ್ತವೆ.

• 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಿ. ಜಾಮೀನಿನಲ್ಲಿದ್ದವರಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಮೇಲ್ಮನವಿಗೆಂದು ಅದೇ ಕೋರ್ಟಿನಲ್ಲಿ ಜಾಮೀನು ಕೇಳಬಹುದು.

• ಸತ್ತವರ ಮನೆಯವರು ಖುಲಾಸೆ ಅಥವಾ ಕಡಿಮೆ ಪರಿಹಾರದ ವಿರುದ್ಧ ಮೇಲ್ಮನವಿ ಹಾಕಬಹುದು. ಶಿಕ್ಷೆ ಸಾಲದೆಂದು ಹೋಗಬೇಕಾದದ್ದು ಸರ್ಕಾರ. ಹಾಗಾಗಿ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಮನವಿ ಕೊಡಿ.

• ವಕೀಲರಿಗೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪಕ್ಕದ ತಾಲ್ಲೂಕಿನವನಿಗೆ ಕಡಿಮೆ ಶಿಕ್ಷೆಯಾಯಿತೆಂಬ ಒಂದೇ ಮಾತು ಮೇಲ್ಮನವಿಯಲ್ಲಿ ನಿಲ್ಲುವುದು ಕಷ್ಟ. ಆದರೆ ಕೊಟ್ಟ ದಾಖಲೆಯನ್ನು ನೋಡದೆ, ಕಾರಣ ಬರೆಯದೆ ಶಿಕ್ಷೆ ವಿಧಿಸಿದ್ದಾರೆಂಬ ವಾದಕ್ಕೆ ಬಲವಿದೆ. ತೀರ್ಪು ಕೈಗೆ ಬಂದ ದಿನ ಎಷ್ಟು ತಿಂಗಳು ಎಂದು ನೋಡಿ ಮಡಚಿಡಬೇಡಿ. ಯಾಕೆ ಅಷ್ಟು ಎಂದು ಬರೆದ ಪುಟವನ್ನು ವಕೀಲರ ಮುಂದೆ ಕೂತು ಓದಿಸಿ.