ಹೇಮಂತದ ಸಣ್ಣ ಸುಖಗಳೂ ಲಿಂಗಾರ್ಪಣವೂ

ಮಾರ್ಗಶಿರ, ಪುಷ್ಯ ಮಾಸಗಳು ಹೇಮಂತ ಋತುವೆನಿಸುವುವು. ಸೂರ್ಯನು ದಕ್ಷಿಣಕ್ಕೆ ಸರಿದಿರುವುದರಿಂದ ಈ ಕಾಲದಲ್ಲಿ ಹಗಲು ಕುಗ್ಗಿ ಇರುಳು ಬೆಳೆಯುತ್ತದೆ. ಧಾರವಾಡದ ಸೀಮೆಯಲ್ಲಿ ಡಿಸೆಂಬರ್ 22ರ ಸುಮಾರಿಗೆ ಹಗಲಿನ ಪ್ರಮಾಣವು 11 ಗಂಟೆಗಿಂತ ತುಸು ಮಾತ್ರ ಹೆಚ್ಚು. ಮುಂಜಾನೆ ಇಬ್ಬನಿ; ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಎರಡು ಮೂರು ದಿನಗಳ ಮೋಡ, ಒಣಗದ ಬಟ್ಟೆ, ಬಿರಿದ ಹಿಮ್ಮಡಿ. ಇಂಥ ಮಬ್ಬು ದಿನಗಳಲ್ಲಿ ಅನೇಕರ ಮನಸ್ಸು ಕಾರಣ ತೋರದೆ ಕುಗ್ಗುವುದುಂಟು. ವೃದ್ಧರಲ್ಲಿಯೂ ಒಬ್ಬಂಟಿಗರಲ್ಲಿಯೂ ಇದು ವಿಶೇಷ. ಕೆಲವರು ಇದನ್ನು ತಮ್ಮ ಭಕ್ತಿಯ ಕೊರತೆಯೆಂದೇ ತಿಳಿದು ತಮ್ಮನ್ನು ತಾವು ಹಳಿದುಕೊಳ್ಳುವರು. ಮತ್ತೆ ಕೆಲವರು ಎಳೆಬಿಸಿಲು, ಬಿಸಿರೊಟ್ಟಿ, ಕಂಬಳಿಯ ಬೆಚ್ಚನೆ ಇವೆಲ್ಲ ದೇಹದ ಭೋಗಗಳು, ಭಕ್ತನಾದವನು ಇವುಗಳಿಂದ ಸಮಾಧಾನ ಪಡೆಯುವುದು ಹೀನವೆಂದು ಬಗೆಯುವರು. ಈ ಎರಡು ತಿಳಿವಳಿಕೆಗಳೂ ಶರಣಮಾರ್ಗಕ್ಕೆ ಒಪ್ಪುವಂಥವಲ್ಲ.

ಮೊದಲನೆಯದನ್ನು ನೋಡೋಣ. ಮನಸ್ಸಿನ ಕುಗ್ಗುವಿಕೆಗೂ ಬೆಳಕಿನ ಅಭಾವಕ್ಕೂ ಸಂಬಂಧವುಂಟೆಂಬುದು ಇಂದಿನ ವೈದ್ಯರಿಗೆ ವಿದಿತವಾದ ಸಂಗತಿ. ಚಳಿಗಾಲದಲ್ಲಿ ಮರುಕಳಿಸುವ ಈ ಖಿನ್ನತೆಯನ್ನು ವೈದ್ಯವಿಜ್ಞಾನಿಗಳು 1984ರಲ್ಲಿ ಒಂದು ವ್ಯಾಧಿಯೆಂದೇ ಹೆಸರಿಟ್ಟು ವಿವರಿಸಿದರು; ಬೆಳಗಿನ ಬೆಳಕಿಗೆ ಮೈಯೊಡ್ಡುವುದು ಅದಕ್ಕೆ ಹೇಳಲಾಗುವ ಉಪಚಾರಗಳಲ್ಲೊಂದು. ಉತ್ತರದ ದೇಶಗಳಲ್ಲಿ ಇದರ ಬಾಧೆ ಹೆಚ್ಚು. 2015ರ ನವೆಂಬರ್ 14ರಂದು ಬಸವೇಶ್ವರರ ಪ್ರತಿಮೆಯು ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಂಡ ಲಂಡನ್ ನಗರದಲ್ಲಿ, ಚಳಿಗಾಲದ ಅತಿ ಕಿರಿಯ ಹಗಲು ಎಂಟು ಗಂಟೆಗೂ ಕಡಿಮೆ. ಅಲ್ಲಿ ನೆಲೆಸಿದ ನಮ್ಮ ಭಕ್ತರ ಮಕ್ಕಳು ಇದನ್ನು ಬಲ್ಲರು. ನಮ್ಮ ನಾಡಿನ ಚಳಿ ಅಷ್ಟು ಕಠಿನವಲ್ಲದಿದ್ದರೂ ನಮ್ಮ ಪೂರ್ವಿಕರು ಋತುವಿನ ಗುಣವನ್ನು ಅಲಕ್ಷಿಸಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಹೇಮಂತದಲ್ಲಿ ಜಠರಾಗ್ನಿಯು ಪ್ರಬಲವಾಗುವುದೆಂದೂ, ತಕ್ಕ ಇಂಧನ ದೊರೆಯದಿದ್ದರೆ ಅದು ದೇಹದ ರಸವನ್ನೇ ಸುಡುವುದೆಂದೂ ಹೇಳಿ, ಅಭ್ಯಂಗ, ಸ್ನಿಗ್ಧವಾದ ಆಹಾರ, ಬಿಸಿಲಿನ ಸೇವನೆ ಇವುಗಳನ್ನು ವಿಧಿಸುತ್ತದೆ. ಹೀಗಿರಲು ಸೊರಗಿದ ಮನಸ್ಸನ್ನು ಪಾಪಿಯೆಂದು ಜರೆಯುವುದು ಯುಕ್ತವೇ? ನಿದ್ರೆ ಆಹಾರಗಳು ವಾರಗಟ್ಟಲೆ ಕೆಟ್ಟು ಬಾಳೇ ಬೇಡವೆನಿಸಿದರಂತೂ ಸಂಕೋಚಪಡದೆ ವೈದ್ಯರನ್ನು ಕಾಣತಕ್ಕದ್ದು.

ಇನ್ನು ಎರಡನೆಯ ಸಂದೇಹ. ಸುಖವು ಭಕ್ತನಿಗೆ ತರವೇ ಎಂಬುದಕ್ಕೆ ಉತ್ತರವು ಅರ್ಪಿತವೆಂಬ ಒಂದು ಮಾತಿನಲ್ಲಿದೆ. ಪದಾರ್ಥವು ಲಿಂಗಕ್ಕೆ ಸಲ್ಲದೆ ಅಂಗಕ್ಕೆ ಸಂದರೆ ಭೋಗ. ಲಿಂಗಕ್ಕೆ ಸಂದು ಅಂಗಕ್ಕೆ ಬಂದರೆ ಪ್ರಸಾದ. ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ ಎಂಬುದು ಶರಣರ ಕ್ರಮ. ಷಟ್‌ಸ್ಥಲಶಾಸ್ತ್ರವು ಇದನ್ನು ಇನ್ನೂ ವಿಸ್ತರಿಸಿ ಒಂದೊಂದು ಇಂದ್ರಿಯದ ಮುಖದಲ್ಲಿ ಒಂದೊಂದು ಲಿಂಗವನ್ನು ನೆಲೆಗೊಳಿಸಿದೆ: ಘ್ರಾಣದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಇದನ್ನು ಬಾಯಿಪಾಠ ಮಾಡಿದವರು ಬಹಳ. ಚಳಿಗಾಲದ ಒಂದು ಮುಂಜಾನೆ ಆಚರಿಸಿ ನೋಡಿದವರು ವಿರಳ.

ಚರ್ಮವನ್ನೇ ತೆಗೆದುಕೊಳ್ಳಿರಿ. ಪೂಜೆಗೆಂದು ಮಿಂದು ನಡುಗುತ್ತ ಬಂದವನು ಮೂಡಣ ಜಗಲಿಯಲ್ಲಿ ಕುಳಿತಾಗ ಮೊದಲು ಅಂಗಾಲಿಗೆ, ಬಳಿಕ ಮೊಣಕಾಲಿಗೆ, ಕಡೆಗೆ ಬೆನ್ನಿಗೆ ಬಿಸಿಲು ಏರುವುದು. ಆ ಸ್ಪರ್ಶವನ್ನು ‘ನನಗೆ ಹಿತವಾಯಿತು’ ಎಂದು ಅವಸರದಿಂದ ಕಬಳಿಸದೆ ಜಂಗಮಲಿಂಗಕ್ಕೆ ಸಲ್ಲಿಸಿ, ಅರೆಗಳಿಗೆ ಸುಮ್ಮನಿದ್ದು ಹಿಂದಕ್ಕೆ ಪಡೆದವನಿಗೆ, ಬಿಸಿಲು ಮೊದಲಿನದೇ ಆದರೂ ಅದನ್ನು ಕೊಟ್ಟವನ ನೆನಹೂ ಕೂಡಿ ಬರುವುದು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಹಂಚಿನ ಮೇಲೆ ಉಬ್ಬುವಾಗಿನ ವಾಸನೆ, ಬೆಣ್ಣೆ, ಗುರೆಳ್ಳು ಚಟ್ನಿ, ಹೊಲದಲ್ಲಿ ಬೆಂಕಿಗೊಡ್ಡಿ ಉಜ್ಜಿದ ಬಿಳಿಜೋಳದ ಸೀತನಿ, ಎತ್ತಿನ ಕೊರಳ ಗೆಜ್ಜೆಯ ದನಿ, ಕುಸುಬೆಯ ಹೂವಿನ ಮೇಲಣ ಹನಿ ಇವಕ್ಕೂ ಇದೇ ನ್ಯಾಯ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಿ ಹೊಲದಲ್ಲಿಯೇ ಸಹಪಂಕ್ತಿಯಲ್ಲಿ ಉಣ್ಣುವ ನಮ್ಮ ರೈತರು ಶಾಸ್ತ್ರ ಓದದೆಯೂ ಇದನ್ನು ಬಲ್ಲರೆನ್ನಬೇಕು. ಮೊದಲು ಭೂಮಿಗೆ, ಬಳಿಕ ತಮಗೆ.

ಆದರೆ ಸುಖವು ಸಣ್ಣದಾಗಿರಲಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ಎಲ್ಲರೂ ಬಲ್ಲದ್ದೇ. ಅವಳು ಅನ್ನವನ್ನು ನಿರಾಕರಿಸಲಿಲ್ಲ, ಮಿಕ್ಕುದನ್ನು ನಿರಾಕರಿಸಿದಳು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ಜೀವಿಸಿದನೆಂದು ಪರಂಪರೆ ಹೇಳುವುದು. ಹಿಮದ ನಾಡಿನಿಂದ ಬಂದವನು ಕಟ್ಟಿಗೆಯ ಕಾಯಕವನ್ನೇ ಆರಿಸಿದ್ದು ನೆನೆಯತಕ್ಕ ವಿಷಯ. ಬೆಂಕಿಯ ಬೆಲೆ ಅವನಿಗೆ ಗೊತ್ತಿದ್ದಿರಬೇಕು.

ಗದಗ ಸೀಮೆಯ ಒಂದು ಹಳ್ಳಿಯಲ್ಲಿ ವೃದ್ಧ ಗೃಹಸ್ಥರೊಬ್ಬರಿದ್ದರು. ಕಾರ್ತಿಕದಲ್ಲಿ ಅವರ ಧರ್ಮಪತ್ನಿಯು ಲಿಂಗೈಕ್ಯಳಾದಳು. ಮಾರ್ಗಶಿರದ ಮೋಡ ಕವಿಯುವ ವೇಳೆಗೆ ಅವರು ಜಗಲಿಗೆ ಬರುವುದನ್ನೇ ಬಿಟ್ಟರು. ಪೂಜೆಯು ಒಳಮನೆಯ ಕತ್ತಲಲ್ಲಿ ಅವಸರದಿಂದ ಮುಗಿಯುತ್ತಿತ್ತು, ಊಟ ನೆಪಮಾತ್ರಕ್ಕೆ. ಸಜ್ಜೆರೊಟ್ಟಿಯನ್ನಂತೂ ಮುಟ್ಟರು, ಅದು ಆಕೆಯ ಕೈಯ ಅಡಿಗೆಯೆಂದು ಹೆಸರಾಗಿತ್ತು. ಮನೆಯವರು ಬುದ್ಧಿ ಹೇಳಿ ಸೋತರು. ಒಂದು ಮುಂಜಾನೆ ಸೊಸೆಯು ಬಿಸಿರೊಟ್ಟಿಯನ್ನು ತಾಟಿನಲ್ಲಿಟ್ಟು ತಂದು, “ಮಾವಾರ, ನೀವು ಉಣ್ಣದಿದ್ರ ಬ್ಯಾಡ್ರಿ. ಲಿಂಗಕ್ಕರ ತೋರಸ್ರಿ. ಅತ್ತಿಯವರು ತಪ್ಪಿಸಿದ್ದಿಲ್ಲ” ಎಂದಳು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಕರಸ್ಥಲದ ಲಿಂಗಕ್ಕೆ ರೊಟ್ಟಿಯನ್ನು ತೋರಿಸಿದರು. ತೋರಿಸಿದ ಮೇಲೆ ಅದು ಪ್ರಸಾದವಾಯಿತು, ಪ್ರಸಾದವನ್ನು ಬಿಡುವಂತಿಲ್ಲ. ಅವರು ಮುರಿದು ಬಾಯಿಗಿಟ್ಟರು, ಕಣ್ಣಲ್ಲಿ ನೀರು ಬಂದಿತು, ಅರ್ಧ ರೊಟ್ಟಿ ತಿಂದರು. ಉಳಿದರ್ಧವನ್ನು ಮೊಮ್ಮಗನನ್ನು ಕರೆದು ಕೊಟ್ಟರು. ಮರುದಿನವೂ ಅಷ್ಟೇ ಆಯಿತು. ಮೂರನೆಯ ದಿನ ಮೋಡ ಹರಿಯದಿದ್ದರೂ ಕಂಬಳಿ ಹೊದ್ದು ಜಗಲಿಗೆ ಬಂದು ಕುಳಿತು, ಹೊಲಕ್ಕೆ ಹೊರಟ ಮಗನನ್ನು ತಡೆದು, ಕೆಳಗಿನ ಹೊಲದ ಜೋಳವು ಸೀತನಿಗೆ ಬಂದಿತೋ ಇಲ್ಲವೋ ಎಂದು ಕೇಳಿದರು.