ಪೇಟೆಯ ಮಣ್ಣು, ಮರದ ಬೇರು

ಹೊಸೂರಿನ ಸುತ್ತಲಿನ ರಾಗಿ ಹೊಲಗಳು 1970ರ ದಶಕದಿಂದೀಚೆಗೆ ಕಾರ್ಖಾನೆಗಳಾಗಿ, ಮನೆ ನಿವೇಶನಗಳಾಗಿ ಮಾರ್ಪಡುತ್ತ ಬಂದಿವೆ. ಬದುವಿನ ಮೇಲೆ ಸೊಂಪಾಗಿದ್ದ ಹೊಂಗೆ, ಹುಣಿಸೆ ಮರಗಳು ಬಡಾವಣೆಯಾದ ಬಳಿಕ ತುದಿಯಿಂದ ಒಣಗುವುದನ್ನು ನಾವು ಕಾಣುತ್ತೇವೆ. ನೀರು ಸಾಲದೆಂದು ಕೊಡಗಟ್ಟಲೆ ಸುರಿಯುವವರುಂಟು. ಆದರೆ ಅನೇಕ ವೇಳೆ ಕೊರತೆ ಗಾಳಿಯದು.

ಒಳ್ಳೆಯ ಹೊಲದ ಮಣ್ಣಿನಲ್ಲಿ ಸುಮಾರು ಅರ್ಧಪಾಲು ಬರಿಯ ಸಂದು. ಅಲ್ಲಿ ನೀರೂ ಗಾಳಿಯೂ ನೆಲೆಸಿರುತ್ತವೆ. ಬೇರಿಗೂ ಉಸಿರಾಟವುಂಟಷ್ಟೆ! ಲಾರಿ, ಜಲ್ಲಿರಾಶಿಗಳ ಭಾರಕ್ಕೆ ಮಣ್ಣು ಅದುಮಿದರೆ ಮೊದಲು ಮುಚ್ಚುವುವು ದೊಡ್ಡ ಸಂದುಗಳೇ. ಆಗ ಮಳೆನೀರು ಇಂಗದು, ಗಾಳಿ ಇಳಿಯದು, ಎಳೆಬೇರು ತೂರಲಾರದು. ಅಂಥ ಕಡೆ ಅತಿಯಾಗಿ ನೀರು ಹಾಕಿದರೆ ಉಳಿದ ಗಾಳಿಯೂ ಹೊರಬೀಳುತ್ತದೆ.

ನೀರುಣ್ಣುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 2 ಅಡಿ ಮಣ್ಣಿನಲ್ಲೇ, ಕೊಂಬೆಗಳ ಹರವಿಗಿಂತ ಆಚೆಗೂ ಹಬ್ಬಿರುತ್ತವೆ. ಆದುದರಿಂದ ಪಾಯ ತೋಡಿದ ಮಣ್ಣನ್ನು ಬುಡಕ್ಕೆ ಪೇರಿಸುವುದೂ ಹಾನಿಕರ. ಗಾರೆ, ಸಿಮೆಂಟಿನ ಚೂರು ಬೆರೆತರೆ ಮಣ್ಣು ಕ್ಷಾರವಾಗಿ ಕಬ್ಬಿಣದ ಅಂಶ ಬೇರಿಗೆ ದಕ್ಕದು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ನಾವು ಹೇಳುವುದಿಷ್ಟು: ಕಟ್ಟಡದ ಕೆಲಸಕ್ಕೆ ಮೊದಲೇ ಕೊಂಬೆಗಳು ಹರಡಿದಷ್ಟು ಜಾಗಕ್ಕೆ ಬೇಲಿ ಹಾಕಿರಿ. ಅದರೊಳಗೆ ಗಾಡಿ, ಜಲ್ಲಿ ಬಾರದಿರಲಿ. ಗಟ್ಟಿಯಾದ ನೆಲವನ್ನು ಬೇರು ಕಡಿಯದಂತೆ ಹಾರೆಯಿಂದ ಮೀಟಿ, ಕೊಟ್ಟಿಗೆ ಗೊಬ್ಬರವನ್ನೂ ತರಗೆಲೆಯನ್ನೂ ಹೊದಿಸಿರಿ. ಬುಡಕ್ಕೆ ಕಾಂಕ್ರೀಟು ಬಳಿಯಬೇಡಿರಿ. ದೆಹಲಿಯ ಮರಗಳ ಸುತ್ತ 1 ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯುವಂತೆ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೇ ಆದೇಶಿಸಿತು.

ಬೇಲಿಗೆ ಒಂದೆರಡು ದಿನದ ಕೂಲಿ ಸಾಕು. ಅಂಥ ಹುಣಿಸೆ ಮತ್ತೆ ಬೆಳೆಯಲು ಒಂದು ತಲೆಮಾರು ಬೇಕು.